ಪೊರೆಯುವ ಪೊರೆ

ಬೆಂಗಳೂರು
ಶ್ರಾವಣದ ಒಂದು ಮಳೆ ಮಧ್ಯಾಹ್ನ

ಪ್ರಿಯ ಮಾಸ್ತರರಿಗೆ,



ನಿಮ್ಮ ಪತ್ರ ಸೋಮವಾರವೇ ಕೈಸೇರಿತು. ಓದಿ ನಕ್ಕೆ, ಆಮೇಲೆ ಯೋಚನೆಗೂ ಬಿದ್ದೆ. ನಿಮ್ಮ ಮಾತನ್ನೇ ಇಲ್ಲಿ ಮತ್ತೆ ಬರೆಯುತ್ತೇನೆ, ಯಾಕೆಂದರೆ ಅದಕ್ಕಿಂತ ಚೆನ್ನಾಗಿ ಪ್ರಶ್ನೆ ಕೇಳುವುದು ನನಗೆ ಬರುವುದಿಲ್ಲ: “ಹೊಸಾ ಮನಿಗೆ ಜಂಗು ಹಿಡಿದ ಗೇಟು ಕೂಡಸೂಣು ಅಂತಾಳ ಮಗಳು. ಅದೂ ಚೊಲೋ ಗೇಟಿಗಿಂತ ಹೆಚ್ಚು ರೊಕ್ಕಾ ಕೊಟ್ಟು! ಬಾಜೂ ಮನಿಯವ್ರು ಆಗ್ಲೇ ನಗಾಕತ್ಯಾರ. ಇದು ಶಾಣ್ಯಾತನಾನೋ, ಹುಚ್ಚೋ? ನೀವರ ಬಿಡಿಸಿ ಹೇಳ್ರಿ.”

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮಗಳು ಹುಚ್ಚಿಯಲ್ಲ. ಆದರೆ ಬಾಜೂ ಮನೆಯವರೂ ಸುಮ್ಮಸುಮ್ಮನೆ ನಗುತ್ತಿಲ್ಲ. ಈ ಎರಡೂ ಹೇಗೆ ನಿಜ ಎಂದು ಹೇಳಲು ಸ್ವಲ್ಪ ದೂರ ಸುತ್ತಿ ಬರಬೇಕು. ಚಹಾ ತರಿಸಿಕೊಂಡು ಕೂತುಕೊಳ್ಳಿ.

ನಮ್ಮ ಮನೆಯ ಗೇಟು ನಿಮಗೆ ಗೊತ್ತಲ್ಲ. ಗಣೇಶನ ಹಬ್ಬಕ್ಕೆ ಹದಿನೈದು ದಿನ ಇರುವಾಗ ಅಪ್ಪ ಉಪ್ಪುಕಾಗದ ಹಿಡಿದು ಅದರ ಮುಂದೆ ಕೂರುತ್ತಿದ್ದರು. ತುಕ್ಕು ಉಜ್ಜಿ, ಪುಡಿ ಒರೆಸಿ, ಮೊದಲು ರೆಡ್ ಆಕ್ಸೈಡ್, ಒಣಗಿದ ಮೇಲೆ ಹಸಿರು ಬಣ್ಣ. ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಕೀಲಿನ ಹತ್ತಿರ, ಕೆಳಗಿನ ಪಟ್ಟಿಯ ಮೇಲೆ, ಬಣ್ಣ ಗುಳ್ಳೆ ಏಳುತ್ತಿತ್ತು. ಉಗುರಿನಿಂದ ಗುಳ್ಳೆ ಎಬ್ಬಿಸಿದರೆ ಒಳಗೆ ಕೆಂಪು ಹಿಟ್ಟು. ಅಪ್ಪ ಹೋದ ಮೇಲೆ ಉಪ್ಪುಕಾಗದ ನನ್ನ ಕೈಗೆ ಬಂತು. ಕಬ್ಬಿಣ ಕೊಂಡವರು ಅದರ ಜೊತೆಗೆ ಒಂದು ಊಳಿಗವನ್ನೂ ಕೊಂಡಿರುತ್ತಾರೆ ಎಂದು ನನಗೆ ಆಗ ಅರ್ಥವಾಯಿತು.

ನಿಮ್ಮ ಮಗಳು ಹೇಳುತ್ತಿರುವ ಉಕ್ಕಿಗೆ ಅಂಗಡಿಯಲ್ಲಿ, ವಾಸ್ತುಶಿಲ್ಪಿಗಳ ಬಾಯಲ್ಲಿ ‘ಕಾರ್ಟೆನ್’ ಎಂದು ಹೆಸರು. ಅದೊಂದು ಕಂಪನಿಯ ಗುರುತು. ಆದರೆ ಡಾಲ್ಡಾ, ಜೆರಾಕ್ಸ್ ಆದ ಹಾಗೆ ಈಗ ಆ ಜಾತಿಗೆಲ್ಲ ಅದೇ ಹೆಸರು ನಿಂತಿದೆ. ಅದರ ಗುಣವನ್ನು ವಿವರಿಸಲು ಇಂಗ್ಲಿಷಿನವರು ಸಾಲುಗಟ್ಟಲೆ ಬರೆಯುತ್ತಾರೆ. ನಮ್ಮ ಕನ್ನಡಕ್ಕೆ ಒಂದೇ ಪದ ಸಾಕು, ಅದನ್ನು ನೀವು ನಲವತ್ತು ವರ್ಷ ಮಕ್ಕಳಿಗೆ ಕಲಿಸಿದ್ದೀರಿ: ಪೊರೆ. ನಾಮಪದವಾದರೆ ತೆಳ್ಳಗಿನ ಪದರ, ಹಾವು ಕಳಚುವಂಥದ್ದು, ಕಣ್ಣಿಗೆ ಬರುವಂಥದ್ದು. ಕ್ರಿಯಾಪದವಾದರೆ ಕಾಪಾಡು, ಸಲಹು. ಈ ಉಕ್ಕು ತನ್ನ ಮೈಮೇಲೆ ತಾನೇ ತುಕ್ಕಿನದೊಂದು ಪೊರೆ ಕಟ್ಟಿಕೊಳ್ಳುತ್ತದೆ, ಆ ಪೊರೆಯೇ ಅದನ್ನು ಪೊರೆಯುತ್ತದೆ. ಇದು ತುಕ್ಕು ಹಿಡಿಯದ ಉಕ್ಕಲ್ಲ ಮಾಸ್ತರರೇ. ತುಕ್ಕು ಎಲ್ಲಿ ನಿಲ್ಲಬೇಕೆಂದು ಬಲ್ಲ ಉಕ್ಕು.

ಮಕ್ಕಳ ಮೊಣಕಾಲಿನ ಗಾಯ ನೆನಪಿಸಿಕೊಳ್ಳಿ. ರಕ್ತ ಹೆಪ್ಪುಗಟ್ಟಿ ಹಕ್ಕಳೆ ಆಗುತ್ತದೆ; ಹಕ್ಕಳೆಯ ಕೆಳಗೆ ಚರ್ಮ ಸುರಕ್ಷಿತ. ನಮ್ಮ ಗೇಟಿನ ಮಾಮೂಲಿ ಉಕ್ಕಿಗೆ ಬರುವ ತುಕ್ಕು ಮಾತ್ರ ಹಕ್ಕಳೆ ಆಗುವುದಿಲ್ಲ. ತುಕ್ಕಾದ ಕಬ್ಬಿಣ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಜಾಗ ಸಾಲದೆ ಉಬ್ಬುತ್ತದೆ, ಬಿರಿಯುತ್ತದೆ, ಹಪ್ಪಳದಂತೆ ಎದ್ದು ಬೀಳುತ್ತದೆ. ಆ ಬಿರುಕಿನಲ್ಲಿ ನೀರೂ ಗಾಳಿಯೂ ಇಳಿದು ಕೆಳಗಿನ ಹೊಸ ಲೋಹವನ್ನು ಮುಟ್ಟುತ್ತವೆ. ಹೀಗೆ ತಿನ್ನುತ್ತಾ ತಿನ್ನುತ್ತಾ ತಗಡು ಮುಗಿಯುವವರೆಗೆ ತುಕ್ಕಿಗೆ ಸಮಾಧಾನವಿಲ್ಲ.

ಕಾರ್ಟೆನ್‌ನಲ್ಲಿ ಬೇರೆ ಏನಿದೆ? ಅಡುಗೆಯಲ್ಲಿ ಇಂಗಿನಷ್ಟು. ಒಂದು ಕ್ವಿಂಟಲ್ ಉಕ್ಕಿಗೆ ಕಾಲು ಕಿಲೋದಿಂದ ಅರ್ಧ ಕಿಲೋದಷ್ಟು ತಾಮ್ರ, ಹೆಚ್ಚೆಂದರೆ ಒಂದು ಕಿಲೋದ ಆಸುಪಾಸು ಕ್ರೋಮಿಯಂ, ಇನ್ನೂ ಕಡಿಮೆ ನಿಕ್ಕಲ್, ಚೂರು ಸಿಲಿಕಾನ್. ತೆಳು ತಗಡಿನ ಜಾತಿಯಲ್ಲಿ ಶೇ. 0.07ರಿಂದ 0.15ರವರೆಗೆ ರಂಜಕ. ಅಡುಗೆಮನೆಯ ಸ್ಟೀಲ್ ಪಾತ್ರೆಯಲ್ಲಿ ಕ್ರೋಮಿಯಂ ನೂರಕ್ಕೆ ಹತ್ತರ ಮೇಲಿರುತ್ತದೆ, ಅದರ ಬೆಲೆಯೂ ಹಾಗೇ. ಇಲ್ಲಿ ಅಷ್ಟು ದುಂದು ಇಲ್ಲ. ಈ ಚಿಟಿಕೆ ಸಾಮಗ್ರಿಗಳು ತುಕ್ಕಿನ ಕಣಗಳನ್ನು ಬಹಳ ನುಣ್ಣಗೆ, ಒತ್ತಾಗಿ ಕೂರಿಸುತ್ತವೆ. ಜೋಳದ ರೊಟ್ಟಿಗೆ ಹಿಟ್ಟು ಸಣ್ಣಗೆ ಬೀಸಿ, ಬಿಸಿನೀರು ಹಾಕಿ ಚೆನ್ನಾಗಿ ನಾದಿದರೆ ಅಂಚು ಬಿರಿಯುವುದಿಲ್ಲ ನೋಡಿ, ಆ ಥರ. ಬಿರುಕಿಲ್ಲದ ಕಡೆ ನೀರಿಗೆ ದಾರಿಯಿಲ್ಲ.

ಆ ಒಳಪದರದ ಮುಖ್ಯ ಖನಿಜದ ಹೆಸರು ಗೋಥೈಟ್. ಜರ್ಮನಿಯ ಕವಿ ಗಯಟೆಯ ಹೆಸರಿನಿಂದ ಬಂದದ್ದು. ಆತನಿಗೆ ಕಲ್ಲು-ಖನಿಜಗಳ ಹುಚ್ಚು ಬಹಳ ಇತ್ತು. ಸಾಹಿತ್ಯದ ಮೇಷ್ಟರ ಮನೆಯ ಗೇಟಿನ ಮೇಲೆ ಒಬ್ಬ ಮಹಾಕವಿ ಕಾವಲಿರುತ್ತಾನೆ ಎಂದು ಬಾಜೂ ಮನೆಯವರಿಗೆ ಹೇಳಿನೋಡಿ! ಕುಮಟೆಯ ನಿಮ್ಮ ತಂಗಿಯ ಮನೆಯ ಗೋಡೆಯಲ್ಲಿರುವ ಕೆಂಪು ಚಿರೇಕಲ್ಲಿನಲ್ಲೂ ಇದೇ ಖನಿಜವಿದೆ. ಮಣ್ಣಿನಿಂದ ಎದ್ದುಬಂದ ಕಬ್ಬಿಣ ಎಂದಿದ್ದರೂ ಮಣ್ಣಾಗಲು ಹವಣಿಸುತ್ತದೆ. ಈ ಉಕ್ಕು ತವರಿನ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟು, ಅಲ್ಲೇ ಕುಂತುಬಿಡುತ್ತದೆ.

ಆದರೆ ಒಂದು ಷರತ್ತು. ಇದನ್ನು ಅಡಿಗೆರೆ ಹಾಕಿ ಓದಿಕೊಳ್ಳಿ, ಈ ಪತ್ರದ ಸಾರವೆಲ್ಲ ಇದರಲ್ಲೇ ಇದೆ: ಉಕ್ಕು ನೆನೆಯಬೇಕು, ಮತ್ತೆ ಒಣಗಬೇಕು. ನೆನೆದಾಗ ಪೊರೆಗೆ ಬೇಕಾದ ಸಾಮಗ್ರಿ ಒದಗುತ್ತದೆ. ಒಣಗುವಾಗ ಅದು ಬಿಗಿಯಾಗುತ್ತದೆ. ಹೀಗೆ ನೆನೆದು ಒಣಗಿ, ನೆನೆದು ಒಣಗಿ, ಒಂದೂವರೆ ವರ್ಷದಿಂದ ಮೂರು ವರ್ಷದೊಳಗೆ ಬಣ್ಣ ಕಿತ್ತಳೆಯಿಂದ ಇಟ್ಟಿಗೆಗೆ, ಇಟ್ಟಿಗೆಯಿಂದ ಹುರಿದ ಕಾಫಿಬೀಜದ ಕಂದಿಗೆ ತಿರುಗಿ ನೆಲೆಗೊಳ್ಳುತ್ತದೆ. ಬರೀ ನೆನೆದೇ ಇದ್ದರೆ ಹಕ್ಕಳೆ ಕಟ್ಟುವುದಿಲ್ಲ. ಒದ್ದೆಯಲ್ಲೇ ಇಟ್ಟ ಗಾಯದ ಹಾಗೆ ಕೊಳೆಯುತ್ತಲೇ ಇರುತ್ತದೆ.

ಈ ಉಕ್ಕು ಹುಟ್ಟಿದ್ದು ಚೆಂದದ ಗೇಟಿಗಾಗಿ ಅಲ್ಲ, ಕಲ್ಲಿದ್ದಲು ಹೊರುವ ರೈಲು ವ್ಯಾಗನ್‌ಗಾಗಿ. 1933ರಲ್ಲಿ ಅಮೆರಿಕದ ಯುಎಸ್ ಸ್ಟೀಲ್ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿತು. ತುಕ್ಕನ್ನು ತಡೆಯುವ ಶಕ್ತಿ, ಎಳೆತವನ್ನು ತಾಳುವ ಶಕ್ತಿ ಎಂಬ ಅರ್ಥದ ಎರಡು ಇಂಗ್ಲಿಷ್ ಪದಗಳ ತುಂಡು ಜೋಡಿಸಿ ಕಾರ್ಟೆನ್ ಎಂದು ಕರೆದರು. ಒದ್ದೆ ಕಲ್ಲಿದ್ದಲಿನ ಗಂಧಕ ನೀರಿನ ಜೊತೆ ಸೇರಿ ಆಮ್ಲವಾಗಿ ವ್ಯಾಗನ್ನಿನ ಮೈ ತಿನ್ನುತ್ತಿತ್ತು. ಹೊಸ ಉಕ್ಕು ಅದನ್ನು ತಡೆದುಕೊಂಡಿತು. ಬಲವೂ ಹೆಚ್ಚಿದ್ದರಿಂದ ತಗಡನ್ನು ತೆಳುವಾಗಿಸಬಹುದಾಯಿತು, ವ್ಯಾಗನ್ ಹಗುರಾಯಿತು. ಬಣ್ಣ ಬಳಿದಾಗಲೂ ಲಾಭವೇ: ಬಣ್ಣ ಎಲ್ಲಾದರೂ ಕಿತ್ತರೆ ತುಕ್ಕು ಅದರ ಅಡಿಯಲ್ಲಿ ಹಬ್ಬುತ್ತಾ ಹೋಗುವುದಿಲ್ಲ, ಕಿತ್ತ ಜಾಗದಲ್ಲೇ ನಿಲ್ಲುತ್ತದೆ. ಬಂದರಿನಲ್ಲಿ ರಾಶಿ ಬಿದ್ದಿರುವ ಕಂಟೇನರ್‌ಗಳನ್ನು ನೋಡಿದ್ದೀರಲ್ಲ, ಅವುಗಳ ಅಲೆಅಲೆ ಗೋಡೆ ಇದೇ ಉಕ್ಕಿನದು, ಮೇಲೆ ಬಣ್ಣ.

ನಮ್ಮ ದೇಶಕ್ಕೂ ಇದು ಹೊಸದಲ್ಲ. ಹೌರಾ ಸೇತುವೆಗೆ ಟಾಟಾದವರು ಟಿಸ್ಕ್ರಾಮ್ ಎಂಬ ಗಟ್ಟಿ ಉಕ್ಕು ಮಾಡಿಕೊಟ್ಟ ಕಾಲದಲ್ಲೇ, ರೈಲು ಬೋಗಿಗಳಿಗಾಗಿ ತುಕ್ಕು ತಡೆಯುವ ಟಿಸ್ಕಾರ್ ಎಂಬುದನ್ನೂ ಮಾಡಿದ್ದರು. ಇವತ್ತು ಸೇಲ್ ಕಂಪನಿ ಸೇಲ್‌ಕಾರ್ ಎಂಬ ಹೆಸರಿನಲ್ಲಿ ಮಾರುತ್ತದೆ. ರೈಲ್ವೆಯವರು ಇದಕ್ಕೆ ಐಆರ್‌ಎಸ್ ಎಂ-41 ಎಂಬ ತಮ್ಮದೇ ಮಾನದಂಡ ಇಟ್ಟುಕೊಂಡಿದ್ದಾರೆ. ಅಂದರೆ ಇಷ್ಟು ವರ್ಷ ನೀವು ಹುಬ್ಬಳ್ಳಿಯಿಂದ ಬೆಂಗಳೂರಿಗೆ ನೀಲಿ ಬೋಗಿಯಲ್ಲಿ ಓಡಾಡುವಾಗ ಕಾರ್ಟೆನ್‌ಗೆ ಒರಗಿಯೇ ನಿದ್ದೆ ಮಾಡಿದ್ದೀರಿ.

ಆ ಬೋಗಿಗಳ ಇನ್ನೊಂದು ಕಥೆ ಕೇಳಿ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರು ಯಾರಾದರೂ ಸಿಕ್ಕರೆ, ಹಳೆಯ ಬೋಗಿ ಎಲ್ಲಿ ಮೊದಲು ಕೊಳೆಯುತ್ತದೆ ಎಂದು ಕೇಳಿ. ಶೌಚಾಲಯದ ಕೆಳಗೆ, ಬಾಗಿಲ ಬಳಿಯ ನೆಲದಲ್ಲಿ ಎನ್ನುತ್ತಾರೆ. ನೀರು ಸದಾ ನಿಲ್ಲುವ, ಗಾಳಿಯಾಡದ ಜಾಗಗಳು ಅವು. ಅದೇ ಬೋಗಿಯ ಮೇಲ್ಮೈ ಗಟ್ಟಿಯಾಗಿಯೇ ಇರುತ್ತದೆ. ಒಂದೇ ಉಕ್ಕು; ಒಣಗಲು ಬಿಡುವು ಸಿಕ್ಕಲ್ಲಿ ಉಳಿಯಿತು, ಸಿಗದಲ್ಲಿ ಅಳಿಯಿತು. ನಿಮ್ಮ ಗೇಟಿನ ಭವಿಷ್ಯವನ್ನೂ ಇದೇ ತೀರ್ಮಾನಿಸುತ್ತದೆ.

ವ್ಯಾಗನ್ನಿನ ಉಕ್ಕು ಕಟ್ಟಡಕ್ಕೆ ಬಂದದ್ದು ಮೂವತ್ತು ವರ್ಷದ ನಂತರ, ಒಂದು ನೇಗಿಲಿನ ಕಂಪನಿಯ ದೆಸೆಯಿಂದ. ಜಾನ್ ಡೀರ್ ಟ್ರ್ಯಾಕ್ಟರು ನಿಮ್ಮ ನವಲಗುಂದದ ಎರಿ ಹೊಲಗಳಲ್ಲೂ ಓಡುತ್ತದಲ್ಲ. ಆ ಹೆಸರಿನ ಕಮ್ಮಾರ 1837ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ, ಅಂಟು ಮಣ್ಣು ಮೆತ್ತಿಕೊಳ್ಳದ ನುಣುಪಾದ ಉಕ್ಕಿನ ನೇಗಿಲು ಮಾಡಿ ಹೆಸರಾದವನು. ಎರಿ ಮಣ್ಣಿನಲ್ಲಿ ಕುಂಟೆ ಹೊಡೆದವರಿಗೆ ಅದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಆ ಕಂಪನಿ ಮೊಲೀನ್ ಊರಿನಲ್ಲಿ ಮುಖ್ಯ ಕಚೇರಿ ಕಟ್ಟಿಸಲು ಈರೋ ಸಾರಿನೆನ್ ಎಂಬ ವಾಸ್ತುಶಿಲ್ಪಿಯನ್ನು ಕರೆಸಿತು. ಹೊಲದ ಯಂತ್ರ ಮಾಡುವವರ ಕಟ್ಟಡ ಕನ್ನಡಿಯಂತೆ ಥಳಥಳಿಸಬಾರದು, ಕಬ್ಬಿಣ ಕಬ್ಬಿಣದ ಹಾಗೇ ಕಾಣಬೇಕು ಎಂದು ಅವನು ಕಾರ್ಟೆನ್ ಆರಿಸಿದ. 1961ರಲ್ಲಿ ಐವತ್ತೊಂದರ ವಯಸ್ಸಿಗೇ ತೀರಿಕೊಂಡ. ಕಟ್ಟಡ 1964ರಲ್ಲಿ ತೆರೆಯಿತು. ಮರಗಳ ನಡುವೆ, ಕೊಳದ ಪಕ್ಕ, ಬಿಸಿಲು ತಡೆಯುವ ತುಕ್ಕಿನ ಪಟ್ಟಿಗಳನ್ನು ಹೊದ್ದು ನಿಂತ ಅದು ಇವತ್ತಿಗೂ ನೋಡುವಂತಿದೆ.

ಮರುವರ್ಷವೇ ಷಿಕಾಗೊದಲ್ಲಿ ಮೂವತ್ತೊಂದು ಮಹಡಿಯ ನ್ಯಾಯಾಲಯ ಕಟ್ಟಡ ಇದೇ ಉಕ್ಕು ಹೊದ್ದು ನಿಂತಿತು. 1967ರಲ್ಲಿ ಅದರ ಅಂಗಳಕ್ಕೆ ಪಿಕಾಸೊ ಕೊಟ್ಟ ಐವತ್ತು ಅಡಿ ಎತ್ತರದ ಶಿಲ್ಪ ಬಂತು, ಅದೂ ಕಾರ್ಟೆನ್. ಅದಕ್ಕೆ ಅವನು ಹೆಸರಿಡಲಿಲ್ಲ. ಕುದುರೆಯೋ, ಹೆಂಗಸೋ, ಹಕ್ಕಿಯೋ ಎಂದು ಊರು ಜಗಳಾಡಿತು, ಈಗ ಮಕ್ಕಳು ಅದರ ಬುಡದಲ್ಲಿ ಜಾರುಬಂಡಿ ಆಡುತ್ತಾರೆ. ಉಕ್ಕು ಮಾಡಿದ ಕಂಪನಿ ಪಿಟ್ಸ್‌ಬರ್ಗ್‌ನಲ್ಲಿ ತನಗಾಗಿಯೇ ಅರವತ್ತನಾಲ್ಕು ಮಹಡಿ ಕಟ್ಟಿಕೊಂಡಿತು. ಬೆಂಕಿ ಬಿದ್ದರೆ ಕಂಬ ಕಾಯದಿರಲೆಂದು ಕಂಬಗಳ ಒಳಗೆ ನೀರು ತುಂಬಿದರು. ಅಷ್ಟೆಲ್ಲ ಬುದ್ಧಿ ಓಡಿಸಿದವರು ಒಂದು ಸಣ್ಣ ಸಂಗತಿಯಲ್ಲಿ ಪೆಚ್ಚಾದರು: ಪೊರೆ ನೆಲೆಗೊಳ್ಳುವವರೆಗೆ ಮಳೆ ಬಂದಾಗಲೆಲ್ಲ ಕೆಂಪು ನೀರು ಇಳಿದು ಸುತ್ತಲ ಕಾಲುದಾರಿಗೆಲ್ಲ ಕಲೆ ಹಿಡಿಯಿತು. ಇದನ್ನು ಮರೆಯಬೇಡಿ, ನಿಮ್ಮ ಗೇಟಿನ ಮುಂದಿನ ಬಿಳಿ ಟೈಲ್ಸಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇವೆಲ್ಲ ನೋಟದ ಮಾತಾಯಿತು. ಈ ಉಕ್ಕಿನ ನಿಜವಾದ ಉಪಕಾರ ಕಾಣಬೇಕಾದರೆ ಸೇತುವೆಗೆ ಹೋಗಬೇಕು. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ನ್ಯೂ ರಿವರ್ ಕಮರಿಯ ಮೇಲೆ 1977ರಲ್ಲಿ ಕಟ್ಟಿದ ಸೇತುವೆಯ ಕಮಾನು 518 ಮೀಟರ್ ಉದ್ದ. ಕಾಲು ಶತಮಾನ ಅದೇ ಜಗತ್ತಿನ ಅತಿ ಉದ್ದದ ಉಕ್ಕಿನ ಕಮಾನಾಗಿತ್ತು. ರಸ್ತೆಯಿಂದ ಕೆಳಗಿನ ನದಿಗೆ 267 ಮೀಟರ್. ನಮ್ಮ ಜೋಗದ ಜಲಪಾತವನ್ನು ತಂದು ಅದರ ಕೆಳಗೆ ನಿಲ್ಲಿಸಿದರೂ ಮೇಲೆ ಇನ್ನೂ ಹತ್ತಿಪ್ಪತ್ತು ಮೀಟರ್ ಜಾಗ ಉಳಿಯುತ್ತದೆ, ಅಷ್ಟು ಆಳ! ಅಲ್ಲಿ ನೇತಾಡುತ್ತಾ ಹಳೆಯ ಬಣ್ಣ ಕೆರೆದು ಹೊಸ ಬಣ್ಣ ಬಳಿಯುವ ಮನುಷ್ಯನನ್ನು ಊಹಿಸಿಕೊಳ್ಳಿ. ಕಾರ್ಟೆನ್ ಆದ್ದರಿಂದ ಆ ಮನುಷ್ಯ ಅಲ್ಲಿಗೆ ಹೋಗಬೇಕಿಲ್ಲ.

ರೈಲು ಹಳಿಯ ಮೇಲಿನ ಸೇತುವೆಗೆ ಬಣ್ಣ ಹೊಡೆಯಬೇಕಾದರೆ ರೈಲು ನಿಲ್ಲಿಸಬೇಕು. ಹೆದ್ದಾರಿಯದಾದರೆ ಸಂಚಾರ ತಿರುಗಿಸಬೇಕು. ನದಿಯದಾದರೆ ಕೆರೆದ ಬಣ್ಣದ ಪುಡಿ ನೀರಿಗೆ ಬೀಳದಂತೆ ಪರದೆ ಕಟ್ಟಬೇಕು. ಬಣ್ಣದ ಡಬ್ಬಿಗಿಂತ ಈ ಪಾಡೇ ದುಬಾರಿ. ಹಾಗಾಗಿ ಎಂಜಿನಿಯರುಗಳು ಬಣ್ಣದ ಬದಲು ಸ್ವಲ್ಪ ಹೆಚ್ಚು ಉಕ್ಕನ್ನೇ ಇಡುತ್ತಾರೆ. ಬ್ರಿಟನ್ನಿನ ಸೇತುವೆ ನಿಯಮದ ಲೆಕ್ಕ ನನಗೆ ಬಹಳ ಹಿಡಿಸಿತು: 120 ವರ್ಷದ ಬಾಳಿಕೆಗೆ, ಸೌಮ್ಯ ಹವೆಯಲ್ಲಿ ಗಾಳಿಗೆ ತೆರೆದ ಒಂದೊಂದು ಮುಖಕ್ಕೆ 1 ಮಿಲಿಮೀಟರ್, ಕಠಿಣ ಹವೆಯಲ್ಲಿ 1.5 ಮಿಲಿಮೀಟರ್ ದಪ್ಪ ಹೆಚ್ಚಿಗೆ ಇಡಿ. ಕಾಲ ತಿನ್ನುವ ತುತ್ತನ್ನು ಮೊದಲೇ ತಟ್ಟೆಯಲ್ಲಿ ಬಡಿಸಿಟ್ಟ ಹಾಗೆ. ಮೂರು ತಲೆಮಾರಿಗೆ ಒಂದು ಕಾಳಿನ ದಪ್ಪ!

ಇನ್ನು ಬಾಜೂ ಮನೆಯವರ ಪರವಾಗಿ ವಾದಿಸುತ್ತೇನೆ. 1972ರಲ್ಲಿ ಅಟ್ಲಾಂಟಾ ನಗರದಲ್ಲಿ ಓಮ್ನಿ ಎಂಬ ಒಳಾಂಗಣ ಕ್ರೀಡಾಂಗಣ ಕಟ್ಟಿದರು, ಮೈಯೆಲ್ಲ ಇಂಥದ್ದೇ ಉಕ್ಕು. ಪೊರೆ ತಾನೇ ಕಟ್ಟಿಕೊಳ್ಳುತ್ತದೆ, ಚಿಂತೆಯಿಲ್ಲ ಎಂದರು. ಆದರೆ ಆ ಊರಿನ ಹವೆ ಸದಾ ತೇವ, ಬೆವರು ಆರದ ಸೆಖೆ. ತುಕ್ಕು ನಿಲ್ಲಲೇ ಇಲ್ಲ. ಗೋಡೆಯಲ್ಲಿ ತೂತು ಬಿದ್ದವು. ಜನ ಅದರೊಳಗೆ ನುಸುಳದಂತೆ ಜಾಲರಿ ಬೇಲಿ ಹಾಕಬೇಕಾಯಿತು. 1997ರಲ್ಲಿ ಸಿಡಿಮದ್ದಿಟ್ಟು ಕೆಡವಿದರು, ಇಪ್ಪತ್ತೈದಕ್ಕೇ ಮುಪ್ಪು. ಹೊನಲುಲುವಿನ ಅಲೋಹಾ ಕ್ರೀಡಾಂಗಣ 1975ರದ್ದು. ಅಲ್ಲಿ ಕಡಲ ಉಪ್ಪುಗಾಳಿ ಪೊರೆಯನ್ನು ಕೂರಗೊಡಲಿಲ್ಲ. ಮಿಷಿಗನ್ ರಾಜ್ಯದಲ್ಲಿ ಕಡಲೂ ಇಲ್ಲ, ಆದರೆ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಸೇತುವೆಯ ಸಂದಿನಿಂದ ಸೋರಿ ತೊಲೆಗಳನ್ನು ತಿಂದಿತು. 1980ರ ಹೊತ್ತಿಗೆ ಅಲ್ಲಿನ ಸರ್ಕಾರ ಬಣ್ಣವಿಲ್ಲದ ಕಾರ್ಟೆನ್ ಸೇತುವೆಗಳನ್ನೇ ನಿಲ್ಲಿಸಿತು.

ಉಪ್ಪು ಏಕೆ ವೈರಿ ಅಂದರೆ, ಅದು ಎರಡು ಕಡೆಯಿಂದ ಕಾಟ ಕೊಡುತ್ತದೆ. ಗಾಳಿಯ ತೇವ ಹೀರಿ ಮೈ ಒಣಗಲು ಬಿಡುವುದಿಲ್ಲ, ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುತ್ತದಲ್ಲ ಹಾಗೆ. ಜೊತೆಗೆ ಅದರೊಳಗಿನ ಕ್ಲೋರೈಡು ಪೊರೆಯ ಒಳಹೊಕ್ಕು ಹಕ್ಕಳೆಯನ್ನು ಕಿತ್ತಂತೆ ಕಿತ್ತುಹಾಕುತ್ತದೆ. ಆದ್ದರಿಂದ ಕುಮಟೆಯ ತಂಗಿಯವರ ಮನೆಗೂ ಇಂಥದ್ದೇ ಗೇಟು ಆಗಬಹುದೇ ಎಂದು ನೀವು ಕೊನೆಗೆ ಸೇರಿಸಿದ ಸಾಲಿಗೆ ನನ್ನ ಉತ್ತರ: ಬೇಡ. ಕಡಲಿನಿಂದ ಎರಡು ಕಿಲೋಮೀಟರ್ ಒಳಗೆ ಇದನ್ನು ಬಣ್ಣವಿಲ್ಲದೆ ಬಳಸಬಾರದು ಎಂದು ತಿಳಿದವರು ಹೇಳುತ್ತಾರೆ. ಅಲ್ಲಿಗೆ ಒಳ್ಳೆಯ ಹಲಸಿನ ಮರದ ಗೇಟೇ ಲೇಸು.

ಹಾಗಾದರೆ ಮಳೆನಾಡಿನಲ್ಲಿ ಕಬ್ಬಿಣ ಬಾಳುವುದೇ ಇಲ್ಲವೇ? ನಾವಿಬ್ಬರೂ ಒಮ್ಮೆ ಕೊಡಚಾದ್ರಿಗೆ ಹೋಗಿದ್ದು ನೆನಪಿದೆಯೇ? ಮೂಲ ಮೂಕಾಂಬಿಕೆಯ ಗುಡಿಯ ಎದುರಿನ ಕಬ್ಬಿಣದ ಕಂಬವನ್ನು ನೀವು ಬೆರಳಿನಿಂದ ತಟ್ಟಿ ನೋಡಿದಿರಿ. ಅದು ಕಾರ್ಟೆನ್ ಅಲ್ಲ, ನಮ್ಮ ಹಳೆಯ ಕುಲುಮೆಯ ಮೆದುಕಬ್ಬಿಣ. ಘಟ್ಟದ ಆ ಮಳೆಯಲ್ಲಿ ನಿಂತೇ ಇದೆ. ದಿಲ್ಲಿಯ ಗುಪ್ತರ ಕಾಲದ ಕಂಬದ ಕಥೆ ಇನ್ನೂ ಸ್ಪಷ್ಟ. ಏಳು ಮೀಟರ್ ಎತ್ತರ, ಆರು ಟನ್ನಿಗೂ ಹೆಚ್ಚು ಭಾರ, ಸುಮಾರು ಸಾವಿರದ ಆರುನೂರು ವರ್ಷ. ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ಅವರು ಅದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ, ಆ ಕಬ್ಬಿಣದಲ್ಲಿ ಹೆಚ್ಚಾಗಿರುವ ರಂಜಕ ಮೈಮೇಲೆ ರಕ್ಷಣೆಯ ಪದರ ಕಟ್ಟಿದೆ, ಅದಕ್ಕೆ ದಿಲ್ಲಿಯ ನೆನೆದು ಒಣಗುವ ಹವೆಯೂ ಸಹಾಯ ಮಾಡಿದೆ ಎಂದು ತೋರಿಸಿದರು. ಉಕ್ಕಿನ ಕಾರ್ಖಾನೆಗಳು ರಂಜಕವನ್ನು ಸಾಮಾನ್ಯವಾಗಿ ದೋಷವೆಂದು ತೆಗೆದುಹಾಕುತ್ತವೆ, ಅದು ಉಕ್ಕನ್ನು ಪೆಡಸಾಗಿಸುತ್ತದೆ ಎಂದು. ಆ ದೋಷವೇ ಇಲ್ಲಿ ರಕ್ಷೆ. ತೆಳು ತಗಡಿನ ಕಾರ್ಟೆನ್ ಅದೇ ಗುಟ್ಟನ್ನು ಹದವರಿತು ಬಳಸುತ್ತದೆ. ಸೇತುವೆಯ ದಪ್ಪ ಹಲಗೆಗೆ ಮಾತ್ರ ರಂಜಕ ಕಡಿಮೆ ಮಾಡುತ್ತಾರೆ.

ಬಾಜೂ ಮನೆಯವರ ನಗುವಿನ ಬಗ್ಗೆ ಎರಡೇ ಮಾತು. ನ್ಯೂಯಾರ್ಕ್‌ನ ಒಂದು ಸರ್ಕಾರಿ ಕಚೇರಿಯ ಅಂಗಳದಲ್ಲಿ 1981ರಲ್ಲಿ ರಿಚರ್ಡ್ ಸೆರಾ ಎಂಬ ಶಿಲ್ಪಿ 120 ಅಡಿ ಉದ್ದದ ತುಕ್ಕಿನ ಗೋಡೆಯೊಂದನ್ನು ನಿಲ್ಲಿಸಿದ. ದಾರಿಗೆ ಅಡ್ಡ, ನೋಟಕ್ಕೆ ಕೆಡುಕು ಎಂದು ಜನ ದೂರು ಕೊಟ್ಟು, ಕೋರ್ಟು ಕಚೇರಿ ಆಗಿ, 1989ರಲ್ಲಿ ಒಂದು ರಾತ್ರಿ ಕತ್ತರಿಸಿ ಸಾಗಿಸಿದರು. ಇಂಗ್ಲೆಂಡಿನ ಗೇಟ್ಸ್‌ಹೆಡ್‌ನಲ್ಲಿ ಆಂಟನಿ ಗಾರ್ಮ್ಲಿ ಮಾಡಿದ ಇಪ್ಪತ್ತು ಮೀಟರ್ ಎತ್ತರದ ದೇವದೂತನಿಗೂ ಮೊದಲು ವಿರೋಧವಿತ್ತು. 1998ರಲ್ಲಿ ನಿಂತ ಆ 54 ಮೀಟರ್ ರೆಕ್ಕೆಯ ಆಕೃತಿ ಈಗ ಆ ಸೀಮೆಗೇ ಗುರುತು. ತುಕ್ಕನ್ನು ಬಡತನದ, ಅಲಕ್ಷ್ಯದ ಕುರುಹಾಗಿ ನೋಡಿದ ಕಣ್ಣಿಗೆ ಅದು ಬೇರೆಯಾಗಿ ಕಾಣಲು ಸಮಯ ಬೇಕು. ನಿಮ್ಮ ಓಣಿಗೂ ಎರಡು ಮಳೆಗಾಲ ಕೊಡಿ.

ಈಗ ಗೇಟಿನ ಕೆಲಸಕ್ಕೆ ಬರೋಣ. ನಿಮ್ಮ ಧಾರವಾಡದ ಜಿಟಿಜಿಟಿ ಮಳೆ ಮೂರು ತಿಂಗಳು ಬಿಡದಿದ್ದರೂ ಉಳಿದ ಕಾಲವೆಲ್ಲ ಚೆನ್ನಾಗಿ ಬಿಸಿಲು ಕಾಯುತ್ತದೆ, ಕಡಲು ದೂರ. ಪೊರೆ ಕಟ್ಟಲು ಅಡ್ಡಿಯಿಲ್ಲ. ಆದರೆ ಮಗಳಿಗೆ ಇವಿಷ್ಟು ಹೇಳಿ, ಅವಳಿಗೆ ಗೊತ್ತಿದ್ದರೂ ಅಪ್ಪ ಹೇಳಿದರೆ ಒಂದು ತೂಕ. ಶೀಟು ಕೊಳ್ಳುವಾಗ ಕಾರ್ಖಾನೆಯ ಟೆಸ್ಟ್ ಸರ್ಟಿಫಿಕೇಟು ಕೇಳಲಿ, ಅದರಲ್ಲಿ ತಾಮ್ರ, ಕ್ರೋಮಿಯಂ ಎಷ್ಟಿದೆ ನೋಡಲಿ. ಮಾಮೂಲಿ ಶೀಟಿಗೆ ಉಪ್ಪುನೀರು, ವಿನೆಗರ್ ಚಿಮುಕಿಸಿ ಒಂದೇ ವಾರದಲ್ಲಿ ಕೆಂಪು ಮಾಡಿ ಕಾರ್ಟೆನ್ ಎಂದು ದಾಟಿಸುವವರಿಗೆ ಬರವಿಲ್ಲ. ವೆಲ್ಡಿಂಗ್ ಅಂಗಡಿಯವರು ಇದೇ ಉಕ್ಕಿಗೆ ಹೊಂದುವ ರಾಡು ಬಳಸಲಿ, ಇಲ್ಲದಿದ್ದರೆ ಬೆಸುಗೆಯ ಗೆರೆ ಬೇರೆ ಬಣ್ಣಕ್ಕೆ ತಿರುಗುತ್ತದೆ, ಅಲ್ಲೇ ಮೊದಲು ಸವೆಯುತ್ತದೆ. ಸತುವಿನ ಲೇಪದ ಬೋಲ್ಟು ಬೇಡ. ಪಕ್ಕದಲ್ಲಿ ಈ ಉಕ್ಕಿದ್ದರೆ ಸತು ಬೇಗ ಕರಗಿಹೋಗುತ್ತದೆ. ಶೀಟಿನ ಮೇಲೆ ಚಾಕ್‌ನಲ್ಲಿ ಅಳತೆ ಗೀಚಿದ್ದು, ಎಣ್ಣೆಕೈ ಇಟ್ಟದ್ದು ಬಹಳ ದಿನ ಹಾಗೇ ಉಳಿಯುತ್ತದೆ. ಹಾಗಾಗಿ ಮೊದಲೇ ಮರಳು ಬೀಸಿ ಮೈ ಸ್ವಚ್ಛ ಮಾಡಿಸಿದರೆ ಬಣ್ಣ ಒಂದೇ ಸಮ ಬರುತ್ತದೆ.

ಎಲ್ಲಕ್ಕಿಂತ ಮುಖ್ಯ, ನೀರು ನಿಲ್ಲಬಾರದು. ಕೆಳಗಿನ ಪಟ್ಟಿ ತೊಟ್ಟಿಯಂತೆ ಮೇಲ್ಮುಖವಾಗಿದ್ದರೆ ಅದರಲ್ಲಿ ಬೇವಿನ ಎಲೆ, ಮಣ್ಣು, ನೀರು ಸೇರಿ ಬೋಗಿಯ ಶೌಚಾಲಯದ ಕಥೆಯೇ ಮರುಕಳಿಸುತ್ತದೆ. ಪಟ್ಟಿಯನ್ನು ಮಗುಚಿ ಹಾಕಿಸಿ, ಇಲ್ಲವೇ ನೀರು ಜಾರುವಂತೆ ಓರೆಯಾಗಿಸಿ. ಗೇಟಿನ ಕಂಬ ನೇರವಾಗಿ ಮಣ್ಣಿಗೆ ಹೂಳದೆ ಕಾಂಕ್ರೀಟಿನ ಮೇಲೆ ನಿಲ್ಲಲಿ, ಬುಡಕ್ಕೆ ಬಣ್ಣ ಇರಲಿ. ಮಲ್ಲಿಗೆ ಬಳ್ಳಿ ಹಬ್ಬಿಸುವ ಆಸೆ ನಿಮಗಿದೆ, ಗೊತ್ತು. ಅದಕ್ಕೆ ಬೇರೆ ಚಪ್ಪರ ಮಾಡಿಸಿ. ಇನ್ನು ಆ ಬಿಳಿ ಟೈಲ್ಸು. ಮೊದಲ ಎರಡು ವರ್ಷ ಕೆಂಪು ನೀರು ತೊಟ್ಟಿಕ್ಕುವುದು ಖಂಡಿತ. ಗೇಟಿನ ಕೆಳಗೆ ಒಂದು ಅಡಿ ಅಗಲಕ್ಕೆ ಜಲ್ಲಿಕಲ್ಲು ಹಾಸಿಬಿಡಿ. ಮನೆಯವರಿಗೆ ಬಿಳಿ ಸೀರೆ ಉಟ್ಟು ಗೇಟಿಗೆ ಒರಗಿ ಮಾತಾಡುತ್ತ ನಿಲ್ಲಬೇಡಿ ಎಂದು ನಾನು ಹೇಳಿದ್ದಾಗಿ ತಿಳಿಸಿ.

ಇನ್ನೊಂದು ಅಪಾಯ ಯಾವ ಪುಸ್ತಕದಲ್ಲೂ ಇಲ್ಲ. ಇಲ್ಲಿ ನನ್ನ ಪರಿಚಯದವರೊಬ್ಬರ ಮನೆಯಲ್ಲಿ ಕಾರ್ಟೆನ್ ಗೇಟು ಎರಡೂವರೆ ವರ್ಷಕ್ಕೆ ಒಳ್ಳೆ ಕಾಫಿಬೀಜದ ಬಣ್ಣಕ್ಕೆ ಬಂದಿತ್ತು. ಅವರು ಮಗನ ಊರಿಗೆ ಹೋಗಿದ್ದಾಗ ಮನೆ ನೋಡಿಕೊಳ್ಳುತ್ತಿದ್ದ ಹಿರಿಯನೊಬ್ಬ ಯಜಮಾನರಿಗೆ ಖುಷಿಯಾಗಲೆಂದು ಮೂರು ದಿನ ಕೂತು ಅಷ್ಟೂ ತುಕ್ಕನ್ನು ಉಜ್ಜಿ ತೆಗೆದು ಬೆಳ್ಳಿ ಬಣ್ಣ ಬಳಿದಿಟ್ಟ. ಬಂದವರು ಗೇಟಿನ ಮುಂದೆ ನಿಂತು ಏನು ಹೇಳಬೇಕೆಂದು ತಿಳಿಯದೆ ಅವನಿಗೆ ಐನೂರು ರೂಪಾಯಿ ಕೊಟ್ಟರಂತೆ. ಅಪ್ಪ ಇದ್ದಿದ್ದರೆ ಅವರೂ ಅದನ್ನೇ ಮಾಡುತ್ತಿದ್ದರು ಎಂದು ನನಗೆ ಅನಿಸಿತು. ಗೇಟನ್ನು ಉಜ್ಜುವುದೆಂದರೆ ಅವರಿಗೆ ಮನೆಯನ್ನು ಪೊರೆಯುವುದೇ ಆಗಿತ್ತು.

ಕೊನೆಗೆ ಒಂದು ಸಲಹೆ. ನನ್ನ ಮಾತನ್ನೂ ನಂಬಬೇಡಿ, ಮಗಳ ಮಾತನ್ನೂ ಬೇಡ. ವೆಲ್ಡಿಂಗ್ ಅಂಗಡಿಯಿಂದ ಅಂಗೈಯಗಲದ ಎರಡು ಚೂರು ತನ್ನಿ, ಒಂದು ಮಾಮೂಲಿ ಉಕ್ಕು, ಇನ್ನೊಂದು ಕಾರ್ಟೆನ್. ಹಿತ್ತಲ ಬಟ್ಟೆ ಒಣಹಾಕುವ ತಂತಿಗೆ ಜೋಡಿಯಾಗಿ ತೂಗುಹಾಕಿ. ಈಗ ಎರಡೂ ಒಂದೇ ಥರ ಕೆಂಪಾಗುತ್ತವೆ, ನಿಮಗೆ ನಗು ಬರುತ್ತದೆ. ಬರುವ ವರ್ಷದ ಶ್ರಾವಣ ಕಳೆದ ಮೇಲೆ, ಅದರ ಮುಂದಿನ ವರ್ಷವೂ ಒಮ್ಮೆ, ಎರಡನ್ನೂ ಹೆಬ್ಬೆರಳಿನಿಂದ ಉಜ್ಜಿ ನೋಡಿ. ಒಂದರಲ್ಲಿ ಬೆರಳಿಗೆ ಹಿಟ್ಟು ಹತ್ತುತ್ತಲೇ ಇರುತ್ತದೆ. ಇನ್ನೊಂದರಲ್ಲಿ ಹತ್ತುವುದು ದಿನೇ ದಿನೇ ಕಡಿಮೆಯಾಗುತ್ತಾ ಬರುತ್ತದೆ. ಆ ಬೆರಳಿನ ಗುರುತನ್ನು ಪತ್ರದ ಮೂಲೆಯಲ್ಲಿ ಒತ್ತಿ ನನಗೆ ಕಳಿಸಿ.

ಇಲ್ಲಿ ಮಳೆ ನಿಂತಿದೆ. ನಾನು ಹಳೆಯ ಹಸಿರು ಗೇಟಿನ ಕಡೆ ಹೊರಟೆ. ಹಬ್ಬ ಹತ್ತಿರ ಬಂತು.

ನಿಮ್ಮ ಮನೆಯವರಿಗೆ ನಮಸ್ಕಾರ, ಮಗಳಿಗೆ ಆಶೀರ್ವಾದ.

ಇಂತಿ ನಿಮ್ಮ,
ಉಪ್ಪುಕಾಗದದ ಗೆಳೆಯ